ಪಡಿತರ ಚೀಟಿಯಲ್ಲಿ ಮಗುವಿನ ಹೆಸರು

ಎಳೆಯ ಮಕ್ಕಳ ಹಾಗೂ ಕುಟುಂಬಗಳ ಆರೋಗ್ಯ ವಿಮೆಯನ್ನು ಕುರಿತು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಆ ಮಠದಲ್ಲಿ ನಡೆಯುತ್ತಿದ್ದ ಕಾರ್ಯಗಳನ್ನು ಒಂದೊಂದಾಗಿ ಹೇಳುತ್ತದೆ. ಶಾಸ್ತ್ರಗಳ ಪಾಠ, ಹಸಿದವರಿಗೆ ಅನ್ನ, ಇವುಗಳ ಸಾಲಿನಲ್ಲಿಯೇ ರೋಗಿಗಳಿಗೆ ಔಷಧೋಪಚಾರವೂ ಸೇರಿದೆ. ಮಠಕ್ಕೆ ಬಂದ ದತ್ತಿಯ ಆದಾಯದಿಂದ ಈ ವೆಚ್ಚಗಳು ಸಾಗುತ್ತಿದ್ದವು. ಕಾಯಿಲೆಯ ಖರ್ಚನ್ನು ರೋಗಿಯೊಬ್ಬನೇ ಹೊರಬಾರದು, ಸಮಾಜವು ಮುಂಚಿತವಾಗಿಯೇ ಅದಕ್ಕೆ ಹಣ ತೆಗೆದಿರಿಸಬೇಕು ಎಂಬ ವಿಚಾರ ಈ ಸೀಮೆಗೆ ಹೊಸದಲ್ಲ. ಇಂದು ಆ ಕಾರ್ಯವನ್ನು ಸರ್ಕಾರದ ಯೋಜನೆಗಳು ಮತ್ತು ವಿಮಾ ಸಂಸ್ಥೆಗಳು ಮಾಡುತ್ತಿವೆ. ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಇಂದು ನೆರವು ಪಡೆಯಬೇಕಾದವರ ಹೆಸರು ಒಂದು ದಾಖಲೆಯಲ್ಲಿ ಇರಬೇಕು. ಹೆಸರು ಇಲ್ಲದ ಮಗುವಿಗೆ, ಅದರ ತಂದೆ ತಾಯಿ ಎಷ್ಟೇ ಬಡವರಾಗಿರಲಿ, ಯೋಜನೆಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ಈ ಉಪನ್ಯಾಸದ ತಿರುಳು ಇಷ್ಟೇ: ಮಗು ಕಾಯಿಲೆ ಬೀಳುವ ಮುನ್ನವೇ ಅದರ ಹೆಸರು ಜನನ ನೋಂದಣಿಯಿಂದ ಆಧಾರ್‌ಗೂ, ಆಧಾರ್‌ನಿಂದ ಪಡಿತರ ಚೀಟಿಗೂ ತಲುಪಬೇಕು. ಮನೆಮನೆಯ ಸ್ಥಿತಿಯನ್ನು ಬಲ್ಲ ಗ್ರಾಮ ಪಂಚಾಯಿತಿ ಸದಸ್ಯರು ಇದನ್ನು ನೋಡಿಕೊಳ್ಳದಿದ್ದರೆ ಬೇರೆ ಯಾರೂ ನೋಡಿಕೊಳ್ಳುವುದಿಲ್ಲ.

ನಡೆದು ಬಂದ ದಾರಿ

ಕರ್ನಾಟಕದಲ್ಲಿ ಗ್ರಾಮೀಣ ಕುಟುಂಬಗಳ ಆರೋಗ್ಯ ರಕ್ಷಣೆಗೆ ದೊಡ್ಡ ಪ್ರಮಾಣದ ಮೊದಲ ಪ್ರಯತ್ನ ಯಶಸ್ವಿನಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಸಲಹೆಯ ಹಿನ್ನೆಲೆಯಲ್ಲಿ ರೂಪುಗೊಂಡ ಈ ಯೋಜನೆ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಜಾರಿಗೆ ಬಂದಿತು. ಆಗ ಸದಸ್ಯನೊಬ್ಬನು ವರ್ಷಕ್ಕೆ ಕಟ್ಟಬೇಕಾಗಿದ್ದುದು 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. 2008ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂದಿತು. ಅದರಲ್ಲಿ ಒಂದು ಕುಟುಂಬದ ಐವರಿಗೆ ಮಾತ್ರ ವರ್ಷಕ್ಕೆ 30,000 ರೂಪಾಯಿಗಳ ರಕ್ಷಣೆ ಇತ್ತು. ಅಜ್ಜ ಅಜ್ಜಿ ಜೊತೆಯಲ್ಲಿರುವ ಮನೆಯಲ್ಲಿ ಐದರ ಲೆಕ್ಕ ಬೇಗ ಮುಗಿದುಹೋಗುತ್ತಿತ್ತು. ಹೊರಗುಳಿಯುವ ಸಾಧ್ಯತೆ ಹೆಚ್ಚಾಗಿದ್ದುದು ಕೊನೆಯಲ್ಲಿ ಹುಟ್ಟಿದ ಮಗುವಿಗೆ.

2010ರಲ್ಲಿ ರಾಜ್ಯ ಸರ್ಕಾರವು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ವಾಜಪೇಯಿ ಆರೋಗ್ಯಶ್ರೀಯನ್ನು ಆರಂಭಿಸಿತು. ಹೃದ್ರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳು ಹಣ ಕಟ್ಟದೆ ಚಿಕಿತ್ಸೆ ಪಡೆಯುವ ವ್ಯವಸ್ಥೆ ಅದು. ಮೊದಲು ಕಲಬುರಗಿ ವಿಭಾಗದಲ್ಲಿ ಆರಂಭವಾಗಿ ಆನಂತರ ಬೆಳಗಾವಿ ವಿಭಾಗಕ್ಕೆ ವಿಸ್ತರಿಸಿತು. ಬೆಂಗಳೂರು ಮತ್ತು ಮೈಸೂರು ವಿಭಾಗಗಳಿಗೆ ಅದು ಬಂದದ್ದು ಆಮೇಲೆ. ಹಾವೇರಿ ಜಿಲ್ಲೆ ಬೆಳಗಾವಿ ವಿಭಾಗದಲ್ಲಿದೆ, ಶಿವಮೊಗ್ಗ ಜಿಲ್ಲೆ ಬೆಂಗಳೂರು ವಿಭಾಗದಲ್ಲಿದೆ. ಆದ್ದರಿಂದ ಕೆಲವು ಕಾಲ ಹಿರೇಕೆರೂರು, ಹಾನಗಲ್ ಕಡೆಯ ಬಡ ಕುಟುಂಬಕ್ಕೆ ಇದ್ದ ರಕ್ಷಣೆ ಗಡಿಯ ಈಚೆಗಿನ ಶಿಕಾರಿಪುರ, ಸೊರಬದ ಕುಟುಂಬಕ್ಕೆ ಇರಲಿಲ್ಲ.

ಯೋಜನೆ ಹೀಗೆ ಹಂತಹಂತವಾಗಿ ಬಂದುದರಿಂದ ಅದರ ಪರಿಣಾಮವನ್ನು ಅಳೆಯಲು ಸಾಧ್ಯವಾಯಿತು. ಜಾರಿಯಾಗಿದ್ದ 300 ಹಳ್ಳಿಗಳನ್ನೂ ಜಾರಿಯಾಗದ ನೆರೆಯ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಚಿಕಿತ್ಸೆ ಇದ್ದ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 0.32 ಇದ್ದರೆ, ಇಲ್ಲದ ಹಳ್ಳಿಗಳಲ್ಲಿ ಶೇ. 0.90 ಇತ್ತು. ಯೋಜನೆಗೆ ಒಳಪಡದ ಎಪಿಎಲ್ ಕುಟುಂಬಗಳಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಕಾರ್ಡು ಎಂಬುದು ಕೇವಲ ಕಾಗದವಲ್ಲ, ಅದು ಜೀವ ಉಳಿಸುತ್ತದೆ ಎಂಬುದಕ್ಕೆ ಈ ರಾಜ್ಯದ ಹಳ್ಳಿಗಳೇ ಸಾಕ್ಷಿ.

2018ರ ಮಾರ್ಚ್‌ನಲ್ಲಿ ಹಳೆಯ ಯೋಜನೆಗಳನ್ನು ಒಟ್ಟುಗೂಡಿಸಿ ಆರೋಗ್ಯ ಕರ್ನಾಟಕವನ್ನು ರೂಪಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಆರಂಭವಾಗಿ, ಅಕ್ಟೋಬರ್ ಅಂತ್ಯದಲ್ಲಿ ಎರಡೂ ಸೇರಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕವಾಯಿತು.

ಈಗಿರುವ ರಕ್ಷಣೆ

ಈ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಚಿತ. ಐವರಿಗೆ ಮಾತ್ರ ಎಂಬ ಹಳೆಯ ಮಿತಿ ಈಗಿಲ್ಲ. ವಯಸ್ಸಿನ ಕಟ್ಟುಪಾಡಿಲ್ಲ. ಹುಟ್ಟಿನಿಂದಲೇ ಬಂದ ಕಾಯಿಲೆಯಾದರೂ, ಮೊದಲೇ ಇದ್ದ ಕಾಯಿಲೆಯಾದರೂ ಕಾಯುವ ಅವಧಿ ಇಲ್ಲ. ಎಳೆಯ ಮಕ್ಕಳ ದೃಷ್ಟಿಯಿಂದ ಈ ಮೂರೂ ಅಂಶಗಳು ಬಹಳ ಬೆಲೆಯುಳ್ಳವು. ಖಾಸಗಿ ವಿಮೆಯಲ್ಲಿ ಇವು ಮೂರೂ ಒಟ್ಟಿಗೆ ದೊರೆಯುವುದು ಕಷ್ಟ.

ಎಪಿಎಲ್ ಕುಟುಂಬಕ್ಕೂ ಪಡಿತರ ಚೀಟಿ ಇಲ್ಲದವರಿಗೂ ದೊರೆಯುವುದು ಬೇರೆ ಪ್ರಮಾಣದ ನೆರವು. ಚಿಕಿತ್ಸೆಗೆ ಯೋಜನೆಯು ನಿಗದಿ ಮಾಡಿದ ದರದಲ್ಲಿ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಉಳಿದ ಶೇ. 70ನ್ನು ಕುಟುಂಬ ಕಟ್ಟಬೇಕು. ಸರ್ಕಾರದ ಈ ಪಾಲಿಗೆ ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿ ಇದೆ. ನಿಗದಿತ ದರ 1 ಲಕ್ಷ ರೂಪಾಯಿ ಇರುವ ಶಸ್ತ್ರಚಿಕಿತ್ಸೆಯಾದರೆ ಸರ್ಕಾರದ ಪಾಲು 30,000, ಕುಟುಂಬದ ಪಾಲು 70,000 ರೂಪಾಯಿ. ಎರಡು ಎಕರೆ ಅಡಿಕೆ ತೋಟದ ಆದಾಯದಲ್ಲಿ ಬದುಕುವ ಎಪಿಎಲ್ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಇಲ್ಲಿ ಸದಸ್ಯರು ಗಮನಿಸಬೇಕಾದ ಸಂಗತಿಯೊಂದಿದೆ. ಬಿಪಿಎಲ್ ಚೀಟಿ ರದ್ದಾಗಿ ಎಪಿಎಲ್‌ಗೆ ಬದಲಾದಾಗ ಜನರು ಅಕ್ಕಿ ಹೋಯಿತೆಂದು ದುಃಖಿಸುತ್ತಾರೆ. ಅಕ್ಕಿಯ ಜೊತೆಗೆ ಪೂರ್ಣ ಚಿಕಿತ್ಸಾ ರಕ್ಷಣೆಯೂ ಹೋಗಿ ಶೇ. 30ಕ್ಕೆ ಇಳಿಯುತ್ತದೆ ಎಂಬುದು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗಲೇ ತಿಳಿಯುತ್ತದೆ. ಅರ್ಹ ಕುಟುಂಬದ ಚೀಟಿ ತಪ್ಪು ಮಾಹಿತಿಯಿಂದ ಬದಲಾಗಿದ್ದರೆ ಅದನ್ನು ಸರಿಪಡಿಸಲು ಆಹಾರ ಶಾಖೆಗೆ ಕೂಡಲೇ ಅರ್ಜಿ ಸಲ್ಲಿಸುವಂತೆ ನೋಡಿಕೊಳ್ಳುವುದು ಆರೋಗ್ಯದ ಕೆಲಸವೂ ಹೌದು.

ತವರು ಮತ್ತು ಗಂಡನ ಮನೆಯ ನಡುವೆ

ಮಗುವಿನ ಹೆಸರು ದಾಖಲೆಯಿಂದ ಹೊರಗುಳಿಯುವುದಕ್ಕೆ ಪೋಷಕರ ಅಲಕ್ಷ್ಯವೊಂದೇ ಕಾರಣವಲ್ಲ. ಈ ಸೀಮೆಯ ಒಂದು ಒಳ್ಳೆಯ ಸಂಪ್ರದಾಯವೇ ಅದಕ್ಕೆ ಎಡೆ ಮಾಡಿಕೊಡುತ್ತದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಬಾಣಂತನ ಮುಗಿಸಿ ಗಂಡನ ಮನೆಗೆ ಮರಳುವಾಗ ಮಗುವಿಗೆ ಕೆಲವು ತಿಂಗಳುಗಳೇ ಆಗಿರುತ್ತವೆ.

ಸೊರಬ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಯಾಗಿ ಬಂದ, ಹಾನಗಲ್ ಕಡೆಯ ತವರಿನ ತಾಯಿಯೊಬ್ಬಳನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಹೆರಿಗೆ ಆಗುವುದು ಹಾವೇರಿ ಜಿಲ್ಲೆಯ ಆಸ್ಪತ್ರೆಯಲ್ಲಿ. ಜನನವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ. ತಂದೆಯ ಊರಿನಲ್ಲಿ ಅಲ್ಲ. ಪ್ರಮಾಣ ಪತ್ರ ಅಲ್ಲಿಯ ಕಚೇರಿಯಿಂದಲೇ ಬರಬೇಕು. ತಾಯಿಯ ಹೆಸರು ಇನ್ನೂ ಅವಳ ತಂದೆಯ ಪಡಿತರ ಚೀಟಿಯಲ್ಲಿಯೇ ಉಳಿದಿರಬಹುದು. ಅವಳ ಹೆಸರನ್ನು ಅಲ್ಲಿಂದ ತೆಗೆಸಿ ಗಂಡನ ಮನೆಯ ಚೀಟಿಗೆ ಸೇರಿಸುವ ತನಕ ತಾಯಿಯೂ ಮಗುವೂ ತಂದೆಯ ಕುಟುಂಬದವರೆಂದು ಗಣಕಯಂತ್ರ ಒಪ್ಪುವುದಿಲ್ಲ. ತವರಿನ ಅಂಗನವಾಡಿ ಕಾರ್ಯಕರ್ತೆ ಈ ಮಗು ನಮ್ಮೂರಿನದಲ್ಲವೆನ್ನುತ್ತಾಳೆ. ಗಂಡನ ಊರಿನ ಆಶಾ ಕಾರ್ಯಕರ್ತೆ ಮಗು ಇನ್ನೂ ಬಂದಿಲ್ಲವೆನ್ನುತ್ತಾಳೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಎರಡು ಪಂಚಾಯಿತಿಗಳ ನಡುವೆ ಮಗು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಎಳೆಯ ಮಗುವಿಗೆ ಗಂಡಾಂತರ ಹೆಚ್ಚಾಗಿರುವುದು ಇದೇ ತಿಂಗಳುಗಳಲ್ಲಿ. ಹೃದಯದ ರಂಧ್ರ, ಸೀಳುತುಟಿ, ವಕ್ರಪಾದದಂತಹ ಜನ್ಮದೋಷಗಳು ತಿಳಿದುಬಂದು ತಜ್ಞರ ಬಳಿಗೆ ಹೋಗಬೇಕಾದ ಕಾಲವೂ ಇದೇ. ಹಾಗಾಗಿ ಪಡಿತರ ಚೀಟಿಯ ಕೆಲಸ ಹೆರಿಗೆಯಾದ ಮೇಲೆ ಆರಂಭವಾಗಬಾರದು, ಮದುವೆಯಾದಾಗಲೇ ಆರಂಭವಾಗಬೇಕು. ಸೊಸೆಯ ಹೆಸರು ಚೀಟಿಗೆ ಸೇರಿದ್ದರೆ ಮಗುವಿನ ಹೆಸರು ಸೇರಿಸುವುದು ಸುಲಭವಾಗುತ್ತದೆ. ತಿದ್ದುಪಡಿ ಅರ್ಜಿಗಳನ್ನು ಎಲ್ಲ ಕಾಲದಲ್ಲೂ ಸ್ವೀಕರಿಸುವುದಿಲ್ಲ. ಅವಕಾಶ ತೆರೆದ ದಿನಗಳಲ್ಲಿ ವಾರ್ಡಿನ ಸದಸ್ಯರು ಕುಟುಂಬಗಳಿಗೆ ತಿಳಿಸದಿದ್ದರೆ ಅದು ಕೈತಪ್ಪಿಹೋಗುತ್ತದೆ.

ಕ್ರಮ ಹೀಗಿದೆ. ಜನನವಾದ 21 ದಿನಗಳೊಳಗೆ ನೋಂದಣಿ ಶುಲ್ಕವಿಲ್ಲದೆ ಆಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ನೀಡುವ ಹೊಣೆ ಆಸ್ಪತ್ರೆಯದು. ಪ್ರಮಾಣ ಪತ್ರ ಪಡೆದುಕೊಳ್ಳುವುದು ಪೋಷಕರ ಕೆಲಸ. ಒಂದು ವರ್ಷ ಕಳೆದರೆ ದಂಡಾಧಿಕಾರಿಗಳ ಆದೇಶವಿಲ್ಲದೆ ನೋಂದಣಿ ಸಾಧ್ಯವಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದ ಕಾರ್ಯಗಳಲ್ಲಿ ಜನ್ಮ ದಿನಾಂಕಕ್ಕೂ ಸ್ಥಳಕ್ಕೂ ಜನನ ಪ್ರಮಾಣ ಪತ್ರವೇ ಆಧಾರ. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ಬೇಕಾಗಿಲ್ಲ. ಜನನ ಪ್ರಮಾಣ ಪತ್ರ ಮತ್ತು ತಂದೆ ಅಥವಾ ತಾಯಿಯ ಆಧಾರ್ ಸಾಕು. ಮಗುವಿಗೆ ಐದು ತುಂಬಿದಾಗ ಮತ್ತು ಹದಿನೈದು ತುಂಬಿದಾಗ ಬೆರಳಚ್ಚು ನೀಡಿ ನವೀಕರಿಸಬೇಕು.

ಹೆಸರು ಸೇರುವ ಮುನ್ನ ಮಗುವಿಗೆ ಇರುವ ಆಸರೆ

ದಾಖಲೆ ಸಿದ್ಧವಾಗುವವರೆಗೆ ಮಗು ಅನಾಥವಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ ಹಾಗೂ ಸಾರಿಗೆ ಉಚಿತ. ಮೊದಲು 30 ದಿನಗಳ ಹಸುಗೂಸಿಗಷ್ಟೇ ಇದ್ದ ಸೌಲಭ್ಯವನ್ನು ಆನಂತರ ಒಂದು ವರ್ಷದವರೆಗಿನ ಕಾಯಿಲೆಯ ಶಿಶುಗಳಿಗೂ ವಿಸ್ತರಿಸಲಾಗಿದೆ. ಇದಕ್ಕೆ ಬಿಪಿಎಲ್, ಎಪಿಎಲ್ ಎಂಬ ಭೇದವಿಲ್ಲ. ತೂಕ ಕಡಿಮೆ ಇರುವ, ಉಸಿರಾಟದ ತೊಂದರೆ ಇರುವ ಕೂಸನ್ನು ನೇರವಾಗಿ ಖಾಸಗಿ ಆಸ್ಪತ್ರೆಗೆ ಒಯ್ದು ಸಾಲ ಮಾಡುವ ಮುನ್ನ ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕವನ್ನು ನೆನೆಯಬೇಕು. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಸೊರಬದಿಂದ ಇನ್ನೂ ದೂರ. ಆ ದಾರಿಗೆ 108 ವಾಹನ ಇದೆ.

ಎರಡನೆಯ ಆಸರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಬಗೆಯ 30 ತೊಂದರೆಗಳನ್ನು ಇದರ ತಂಡಗಳು ಗುರುತಿಸುತ್ತವೆ. ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಗುರುತಿಸಿದ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೂ ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೂ ಕಳುಹಿಸಿ ಉಚಿತ ಚಿಕಿತ್ಸೆ ಕೊಡಿಸುವುದು ಇದರ ಉದ್ದೇಶ.

ತಂಡ ಬರುವ ದಿನ ಮಗು ಅಂಗನವಾಡಿಯಲ್ಲಿ ಇರಬೇಕು. ಕೂಲಿಗಾಗಿ ಕಾಫಿ ತೋಟಗಳಿಗೂ ಬೆಂಗಳೂರಿಗೂ ಮಕ್ಕಳೊಡನೆ ಹೋಗುವ ತಾಂಡಾಗಳ ಕುಟುಂಬಗಳು ಆ ದಿನ ಊರಿನಲ್ಲಿ ಇರುವುದಿಲ್ಲ. ತಪಾಸಣೆಯ ದಿನಾಂಕವನ್ನು ಪಂಚಾಯಿತಿ ಮುಂಚಿತವಾಗಿ ಕೇಳಿ ಪಡೆದು, ಡಂಗುರ ಸಾರಿಸಿ, ಯಾರು ತಪ್ಪಿಹೋದರೆಂದು ಆನಂತರ ಪಟ್ಟಿ ಮಾಡಿಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಶಿಫಾರಸು ಪತ್ರ ಎಂಬ ಸಣ್ಣ ಕಾಗದ

ಕಾರ್ಡು ಇದ್ದೂ ಹಣ ಕಟ್ಟಿದ ಕುಟುಂಬಗಳ ದೂರು ಸದಸ್ಯರ ಬಳಿಗೆ ಬರುತ್ತಿರುತ್ತದೆ. ಇದಕ್ಕೆ ಮುಖ್ಯ ಕಾರಣ ಯೋಜನೆಯ ಕ್ರಮ ತಿಳಿಯದಿರುವುದು. ಸಾಮಾನ್ಯ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲಿಯೇ ನಡೆಯಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದಾಗ ಸರ್ಕಾರಿ ವೈದ್ಯರು ಶಿಫಾರಸು ಪತ್ರ ನೀಡಿ, ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಕಳುಹಿಸುತ್ತಾರೆ. ಯೋಜನೆಯಲ್ಲಿ ಪಟ್ಟಿ ಮಾಡಿದ ತುರ್ತು ಸ್ಥಿತಿಗಳಲ್ಲಿ ಮಾತ್ರ ಪತ್ರವಿಲ್ಲದೆ ನೇರವಾಗಿ ದಾಖಲಾಗಬಹುದು. ಎಲ್ಲ ಖಾಸಗಿ ಆಸ್ಪತ್ರೆಗಳೂ ಯೋಜನೆಯಲ್ಲಿಲ್ಲ. ಇರುವ ಆಸ್ಪತ್ರೆಯೂ ಎಲ್ಲ ಚಿಕಿತ್ಸೆಗಳಿಗೆ ನೋಂದಾಯಿತವಾಗಿರುವುದಿಲ್ಲ. ದೊಡ್ಡವರ ಹೃದಯ ಚಿಕಿತ್ಸೆಗೆ ನೋಂದಾಯಿತವಾದ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಇರಲೇಬೇಕೆಂದಿಲ್ಲ.

ಇದು ನಗದುರಹಿತ ಯೋಜನೆ. ಮೊದಲು ಹಣ ಕಟ್ಟಿ ಆಮೇಲೆ ಬಿಲ್ಲು ತೋರಿಸಿ ಮರಳಿ ಪಡೆಯುವೆನೆಂಬ ನಂಬಿಕೆ ಕುಟುಂಬವನ್ನು ಸಾಲಕ್ಕೆ ದೂಡುತ್ತದೆ. ಆದ್ದರಿಂದ ದಾಖಲಾಗುವಾಗಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಪಡಿತರ ಚೀಟಿಯನ್ನೂ ಆಧಾರನ್ನೂ ತೋರಿಸಬೇಕು. ಸಂಶಯ ಬಂದರೆ ರಾಷ್ಟ್ರೀಯ ಸಹಾಯವಾಣಿ 14555 ಹಾಗೂ ರಾಜ್ಯದ ಆರೋಗ್ಯ ಸಹಾಯವಾಣಿ 104 ಇವೆ. ಈ ಎರಡು ಸಂಖ್ಯೆಗಳನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲೆ ಬರೆಸಲು ಹೆಚ್ಚಿನ ಅನುದಾನ ಬೇಕಾಗಿಲ್ಲ.

ವಿಮೆಯೆಂದು ತಿಳಿದದ್ದು ವಿಮೆಯಲ್ಲದಿರಬಹುದು

ಹಳ್ಳಿಗಳಲ್ಲಿ ಅನೇಕರ ಕೈಯಲ್ಲಿ ಹಲವು ಕಾರ್ಡುಗಳಿವೆ. ಆಭಾ ಕಾರ್ಡು ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ. ಅದರಿಂದ ಚಿಕಿತ್ಸೆಯ ಹಣ ಬರುವುದಿಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತಕ್ಕೆ, 436 ರೂಪಾಯಿ ಕಡಿತವಾಗುವ ಜೀವನ್ ಜ್ಯೋತಿ ಯೋಜನೆ ಮರಣಕ್ಕೆ ಸಂಬಂಧಿಸಿದವು. ಇವೆರಡೂ 18 ವರ್ಷ ತುಂಬಿದ ಖಾತೆದಾರರಿಗೆ ಮಾತ್ರ. ಸಾಲದ ಜೊತೆಯಲ್ಲಿ ಕಟ್ಟಿಸಿಕೊಳ್ಳುವ ವಿಮೆ ಬಹುತೇಕ ಸಾಲಗಾರರ ಜೀವಕ್ಕೆ, ಸಾಲದ ಬಾಕಿಗೆ ಸಂಬಂಧಿಸಿದ್ದು. ಇವು ಉಪಯುಕ್ತ, ಆದರೆ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಮಗುವಿಗೆ ಇವುಗಳಿಂದ ಒಂದು ರೂಪಾಯಿಯೂ ದೊರೆಯದು. ಖಾತೆಯಲ್ಲಿ ವಿಮೆಯ ಹಣ ಕಡಿತವಾಗುತ್ತಿದೆ, ಆದ್ದರಿಂದ ಮಕ್ಕಳಿಗೂ ರಕ್ಷಣೆ ಇದೆ ಎಂಬ ಭಾವನೆಯನ್ನು ಸಂಘಗಳ ಸಭೆಗಳಲ್ಲಿ ತಿದ್ದಬೇಕು.

ಯಶಸ್ವಿನಿ ಮತ್ತು ಖಾಸಗಿ ಪಾಲಿಸಿ

ಬಿಪಿಎಲ್ ಚೀಟಿ ಇಲ್ಲದ ಸಣ್ಣ ಬೆಳೆಗಾರ, ಅಂಗಡಿಯವ, ಸರಕು ವಾಹನದ ಚಾಲಕ ಇಂತಹವರು ಎರಡು ದಾರಿಗಳನ್ನು ನೋಡಬಹುದು.

ಮೊದಲನೆಯದು ಯಶಸ್ವಿನಿ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿದ್ದ ಈ ಯೋಜನೆ 2022–23ರಲ್ಲಿ ಪುನರಾರಂಭವಾಯಿತು. ಆಗ ನಿಗದಿಯಾದಂತೆ ಗ್ರಾಮೀಣ ಸಹಕಾರ ಸಂಘದ ಸದಸ್ಯನ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿ ಸದಸ್ಯನಿಗೆ 100 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ರಕ್ಷಣೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘಗಳಿರುವ ಊರುಗಳಿಗೆ ಇದು ಕೈಗೆಟುಕುವ ದಾರಿ. ನೋಂದಣಿಗೆ ಪ್ರತಿವರ್ಷ ನಿಗದಿತ ಅವಧಿ ಇರುತ್ತದೆ; ಆ ಅವಧಿ ಮುಗಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ನವೀಕರಣದ ಸಮಯದಲ್ಲಿ ಸೇರಿಸಲು ಮರೆಯಬಾರದು.

ಎರಡನೆಯದು ಖಾಸಗಿ ಅಥವಾ ಸಾರ್ವಜನಿಕ ವಲಯದ ವಿಮಾ ಕಂಪನಿಗಳ ಪಾಲಿಸಿ. ಇದನ್ನು ಕೊಳ್ಳಿರೆಂದೋ ಬೇಡವೆಂದೋ ಹೇಳುವುದು ಪಂಚಾಯಿತಿಯ ಕೆಲಸವಲ್ಲ. ಕೊಳ್ಳುವವರು ಏನನ್ನು ಕೇಳಬೇಕೆಂದು ತಿಳಿಸುವುದು ಸದಸ್ಯರಿಂದ ಸಾಧ್ಯ.

ಕುಟುಂಬದ ಒಟ್ಟು ಪಾಲಿಸಿಯಲ್ಲಿ ವಿಮಾ ಮೊತ್ತ ಎಲ್ಲರಿಗೂ ಸೇರಿ ಒಂದೇ. ಅಜ್ಜನ ಚಿಕಿತ್ಸೆಗೆ ಮೊತ್ತ ಮುಗಿದರೆ ಆ ವರ್ಷ ಮೊಮ್ಮಗುವಿಗೆ ಉಳಿಯುವುದಿಲ್ಲ. ಹಸುಗೂಸಿಗೆ ಸಾಮಾನ್ಯವಾಗಿ 90 ದಿನ ತುಂಬಿದ ಮೇಲೆಯೇ ರಕ್ಷಣೆ ಆರಂಭ; ಅದಕ್ಕಿಂತ ಮುಂಚೆ ಬೇಕಾದರೆ ಹೆರಿಗೆ ಮತ್ತು ನವಜಾತ ಶಿಶುವಿನ ಸೌಲಭ್ಯವಿರುವ ಪಾಲಿಸಿಯನ್ನು ಬಹಳ ಮುಂಚಿತವಾಗಿಯೇ ಕೊಂಡಿರಬೇಕು. ಪಾಲಿಸಿ ಕೊಂಡ ಮೊದಲ 30 ದಿನ ಅಪಘಾತವೊಂದನ್ನು ಬಿಟ್ಟು ಬೇರೆ ಕಾಯಿಲೆಗೆ ಹಣ ಬರುವುದಿಲ್ಲ. ಮಕ್ಕಳಲ್ಲಿ ಸಾಮಾನ್ಯವಾದ ಹರ್ನಿಯಾ, ಟಾನ್ಸಿಲ್ ಶಸ್ತ್ರಚಿಕಿತ್ಸೆಗಳು ಬಹುಪಾಲು ಪಾಲಿಸಿಗಳಲ್ಲಿ ಕೆಲವು ವರ್ಷ ಕಾಯಬೇಕಾದ ಪಟ್ಟಿಯಲ್ಲಿರುತ್ತವೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಮೂರು ವರ್ಷವನ್ನು ಮೀರುವಂತಿಲ್ಲ ಎಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಹೊರಗೆ ಕಾಣುವ ಜನ್ಮದೋಷಗಳಿಗೆ ಹಲವು ಪಾಲಿಸಿಗಳಲ್ಲಿ ರಕ್ಷಣೆ ಇಲ್ಲ. ಸೀಳುತುಟಿಯ ಮಗುವಿಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನೀಡುವ ಚಿಕಿತ್ಸೆಯನ್ನು ಸಾವಿರಾರು ರೂಪಾಯಿ ಕಂತಿನ ಪಾಲಿಸಿ ನೀಡದಿರಬಹುದು.

ಎಲ್ಲ ಕಂಪನಿಗಳೂ ಒಂದೇ ನಿಬಂಧನೆಗಳಲ್ಲಿ ಮಾರಬೇಕಾದ ಆರೋಗ್ಯ ಸಂಜೀವಿನಿ ಎಂಬ ಮಾದರಿ ಪಾಲಿಸಿ 2020ರ ಏಪ್ರಿಲ್‌ನಿಂದ ದೊರೆಯುತ್ತಿದೆ. ಅದರಲ್ಲಿ 3 ತಿಂಗಳಿನಿಂದ 25 ವರ್ಷದವರೆಗಿನ ಅವಲಂಬಿತ ಮಕ್ಕಳನ್ನು ಸೇರಿಸಬಹುದು; ಬಿಲ್ಲಿನ ಶೇ. 5ನ್ನು ಕುಟುಂಬ ಭರಿಸಬೇಕು. ಬೇರೆ ಪಾಲಿಸಿಗಳನ್ನು ಅಳೆಯಲು ಇದನ್ನು ಒಂದು ಸೇರಿನಂತೆ ಬಳಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ಪಾಲಿಸಿಗಳ ಕಂತಿನ ಮೇಲೆ ಜಿಎಸ್‌ಟಿ ಇಲ್ಲ.

ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬಾರದು. ಏಜೆಂಟರು ತುಂಬಿದ ಅರ್ಜಿಯನ್ನು ಓದಿಸಿ ಕೇಳಿಯೇ ಸಹಿ ಮಾಡಬೇಕು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಹಣ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ನೀಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ನೀಡದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ವಿಮೆಯ ಮಿತಿ

ಮಂಗನ ಕಾಯಿಲೆಯನ್ನು ಜಗತ್ತು ಗುರುತಿಸಿದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಕಾಡಿನ ಹೆಸರೇ ವೈದ್ಯಶಾಸ್ತ್ರದಲ್ಲಿ ಆ ಕಾಯಿಲೆಗೆ ನಿಂತಿದೆ. ಉಣ್ಣೆಯಿಂದ ಹರಡುವ ಆ ಜ್ವರ ಆಸ್ಪತ್ರೆಯ ಬಿಲ್ಲಿನ ಜೊತೆಗೆ ದುಡಿಮೆಯ ವಾರಗಳನ್ನೂ ಕಸಿದುಕೊಳ್ಳುತ್ತದೆ ಎಂಬುದನ್ನು ಈ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ವಿಮೆ ಆಸ್ಪತ್ರೆಯ ಒಳಗಿನ ಖರ್ಚನ್ನು ನೋಡಿಕೊಳ್ಳುತ್ತದೆ. ಹೊರರೋಗಿ ಚಿಕಿತ್ಸೆ, ಬಸ್ಸಿನ ಖರ್ಚು, ಮಗುವಿನ ಜೊತೆ ಕುಳಿತ ತಾಯಿಯ ಕಳೆದುಹೋದ ಕೂಲಿ ಇವು ಅದರ ಹೊರಗೆ ಉಳಿಯುತ್ತವೆ. ಮಕ್ಕಳ ಕಾಯಿಲೆಗಳಲ್ಲಿ ಹೆಚ್ಚಿನವು ಜ್ವರ, ಕೆಮ್ಮು, ವಾಂತಿಭೇದಿ. ಅವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಗುಣವಾಗಬೇಕು. ಲಸಿಕೆ, ಶುದ್ಧ ನೀರು, ಅಂಗನವಾಡಿಯ ಮೊಟ್ಟೆ ಸರಿಯಾಗಿ ತಲುಪುವ ಊರಿನಲ್ಲಿ ವಿಮೆಯ ಅಗತ್ಯ ಬೀಳುವುದು ವಿರಳ. ಬಿದ್ದಾಗ ಅದು ಪೂರ್ಣವಾಗಿ ದೊರೆಯಬೇಕು.

ಪಂಚಾಯಿತಿ ಕೈಗೊಳ್ಳಬೇಕಾದ ಐದು ಕೆಲಸಗಳು

ಒಂದು: ಪ್ರತಿ ವಾರ್ಡಿನಲ್ಲಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿಯನ್ನು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸಿ, ಜನನ ಪ್ರಮಾಣ ಪತ್ರ, ಆಧಾರ್, ಪಡಿತರ ಚೀಟಿ ಎಂಬ ಮೂರು ಅಂಕಣಗಳಲ್ಲಿ ಇದೆ, ಇಲ್ಲ ಎಂದು ಗುರುತಿಸಬೇಕು.

ಎರಡು: ಬಾಣಂತನಕ್ಕೆ ಬೇರೆ ಊರಿಗೆ ಹೋದ ಮತ್ತು ಬೇರೆ ಊರಿನಿಂದ ಬಂದ ತಾಯಂದಿರನ್ನು ಪ್ರತ್ಯೇಕವಾಗಿ ಬರೆದಿಟ್ಟು, ಆ ಊರಿನ ಪಂಚಾಯಿತಿಗೆ ಮಾಹಿತಿ ತಿಳಿಸಬೇಕು.

ಮೂರು: ಗ್ರಾಮ ಒನ್ ಅಥವಾ ಬಾಪೂಜಿ ಸೇವಾ ಕೇಂದ್ರದ ಸಿಬ್ಬಂದಿಯನ್ನು ತಾಂಡಾ ಮತ್ತು ದೂರದ ಮಜರೆಗಳಿಗೆ ಕರೆಸಿ, ಕೂಲಿಯವರು ಮನೆಯಲ್ಲಿರುವ ಸಂಜೆ ಅಥವಾ ಹಬ್ಬದ ದಿನಗಳಲ್ಲಿ ಕಾರ್ಡು ಶಿಬಿರ ನಡೆಸಬೇಕು.

ನಾಲ್ಕು: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಬಾಲ ಸ್ವಾಸ್ಥ್ಯ ತಂಡ ಬಂದ ದಿನ, ಗುರುತಿಸಿದ ಮಕ್ಕಳು, ಚಿಕಿತ್ಸೆ ಪಡೆದ ಮಕ್ಕಳು ಎಂಬ ಮೂರು ಸಂಖ್ಯೆಗಳನ್ನು ಕೇಳಿ ನಡವಳಿಯಲ್ಲಿ ದಾಖಲಿಸಬೇಕು. ಮಕ್ಕಳ ಕಾಯಿಲೆಯ ವಿವರ ಮತ್ತು ಹೆಸರನ್ನು ಸಭೆಯಲ್ಲಿ ಬಹಿರಂಗಪಡಿಸಬಾರದು.

ಐದು: ಕಾರ್ಡು ಇದ್ದೂ ಚಿಕಿತ್ಸೆ ನಿರಾಕರಿಸಿದ ಅಥವಾ ಹಣ ಕೇಳಿದ ಪ್ರಕರಣವನ್ನು ಬಾಯಿಮಾತಿನ ದೂರಾಗಿ ಬಿಡದೆ ದಿನಾಂಕ, ರಸೀತಿಗಳೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ಕಳುಹಿಸಬೇಕು.

ಈ ಐದರಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಬೇಕಾಗಿರುವುದು ಮೂರು ಅಂಕಣಗಳ ಒಂದು ಪುಸ್ತಕ ಮತ್ತು ಅದನ್ನು ತಿಂಗಳಿಗೊಮ್ಮೆ ತೆರೆದು ನೋಡುವ ಸದಸ್ಯರು. ಮುಂದಿನ ವಾರ್ಡ್ ಸಭೆಗೆ ಆ ಪುಸ್ತಕ ಸಿದ್ಧವಾಗಿ ಬಂದರೆ, ಎಷ್ಟು ಮಕ್ಕಳ ಮುಂದೆ "ಇಲ್ಲ" ಎಂದು ಬರೆದಿದೆಯೋ ಅಷ್ಟೂ ಮಕ್ಕಳ ಮನೆಯ ದಾರಿ ಸದಸ್ಯರಿಗೆ ಗೊತ್ತಿರುವ ದಾರಿಯೇ ಆಗಿರುತ್ತದೆ.